ಗೌರಿ ಗಬ್ಬ ನಿಲ್ಲಲಿಲ್ಲವೆಂದು ಬರೆದೆಯಲ್ಲ

ಪ್ರೀತಿಯ ಶಂಕರ,

ಸ್ಕ್ಯಾನಿಂಗ್‌ನಲ್ಲಿ ನಿನ್ನ ಮುಧೋಳ ನಾಯಿ ಗೌರಿಯ ಹೊಟ್ಟೆಯಲ್ಲಿ ಒಂದು ಮರಿಯೂ ಕಾಣಲಿಲ್ಲ ಅಂತ ನಿನ್ನ ಮೆಸೇಜು ಓದಿ ಬಹಳ ಸಂಕಟವಾಯಿತು. ಬೆಂಗಳೂರಿನಿಂದ ಮುಧೋಳದವರೆಗೆ ಗೌರಿಯನ್ನು ಕಾರಿನಲ್ಲಿ ಕರೆದೊಯ್ದು, ಗಂಡಿಗೆ ಬ್ರುಸೆಲ್ಲಾ (ಕೂಡುವಾಗ ಹರಡಿ ಗಬ್ಬ ಕೆಡಿಸುವ ಸೋಂಕು) ಇಲ್ಲವೆಂಬ ರಿಪೋರ್ಟ್ ಕೈಸೇರುವವರೆಗೂ ಹತ್ತಿರ ಬಿಡದೆ ಕಾದವನು ನೀನು. ಅಷ್ಟು ಮಾಡಿದವನಿಗೆ ನೋವಾಗದೆ ಇರುತ್ತದೆಯೇ?

ಆದರೆ ನಿನ್ನ ಕೊನೆಯ ಸಾಲು ನನಗೆ ಒಪ್ಪಿಗೆಯಾಗಲಿಲ್ಲ. ಮುಂದಿನ ಸಲ ಅಷ್ಟು ದೂರ ಯಾಕೆ, ಯಲಹಂಕದಲ್ಲಿರುವ ಅವಳ ಒಡಹುಟ್ಟಿದ ಗಂಡನ್ನೇ ಬಿಡಿ ಅಂತ ಯಾರೋ ಹೇಳಿದರಂತೆ. ಬೇಡ ಕಣೋ. ಒಂದೇ ತಂದೆತಾಯಿಯ ಮಕ್ಕಳನ್ನು ಕೂಡಿಸಿದರೆ ಮರಿಗಳಲ್ಲಿ ಒಳಸಂತತಿಯ ಪ್ರಮಾಣ, ಅಂದರೆ ಒಂದೇ ಪೂರ್ವಜರ ಜೀನ್ ತಂದೆತಾಯಿ ಇಬ್ಬರಿಂದಲೂ ಬರುವ ಸಾಧ್ಯತೆ, ಕಡಿಮೆಯೆಂದರೂ ಶೇ. 25. ಅಡಗಿ ಕೂತ ದೋಷ ಎರಡೂ ಕಡೆಯಿಂದ ಬಂದು ಸೇರುತ್ತದೆ, ಸೂಲಿನಲ್ಲಿ ಮರಿ ಕಡಿಮೆಯಾಗುತ್ತವೆ, ಹುಟ್ಟಿದವಕ್ಕೂ ಕಸುವು ಸಾಲದು. ಎಷ್ಟೋ ಮುಧೋಳ ನಾಯಿಗಳ ವಂಶ ಬರೆದಿಟ್ಟದ್ದೇ ಇಲ್ಲ, ಸಾಕಿದವರ ನೆನಪಿನಲ್ಲಷ್ಟೇ ಇದೆ. ಗೊತ್ತಿರುವ ಸಂಬಂಧವನ್ನಾದರೂ ನಾವು ತಪ್ಪಿಸಬೇಕು. 2020ರಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಈ ತಳಿಯ ಹೆಸರೆತ್ತಿದ ಮೇಲೆ ಮರಿ ಕೇಳುವವರು ಹೆಚ್ಚಿದ್ದಾರೆ. ಆ ಬೇಡಿಕೆ ನಮ್ಮನ್ನು ಅವಸರಕ್ಕೆ ದೂಡಬಾರದು.

ಈಗ ಕಾರಣ ಹುಡುಕೋಣ. ಗಬ್ಬ ನಿಲ್ಲದಿರಲು ಬಹಳ ಸಲ ದಿನ ತಪ್ಪುವುದೇ ಕಾರಣ. ಹೀಟಿನ (ಬೆದೆಯ) ರಕ್ತ ಕಂಡ ದಿನದಿಂದ ಎಣಿಸಿ ಹನ್ನೊಂದು, ಹದಿಮೂರನೇ ದಿನ ಬಿಡುವುದು ರೂಢಿ. ನಿನಗೂ ಗಂಡಿನ ಕಡೆಯವರು ಹಾಗೇ ಹೇಳಿದ್ದು. ಆದರೆ ಕೆಲವು ಹೆಣ್ಣುಗಳಲ್ಲಿ ಅಂಡ ವಾರದೊಳಗೇ ಬಿಡುಗಡೆಯಾಗುತ್ತದೆ, ಕೆಲವಕ್ಕೆ ಮೂರು ವಾರ ಹಿಡಿಯುತ್ತದೆ. ಬಿಡುಗಡೆಯಾದ ಮೇಲೂ ಅದು ಬಲಿಯಲು ಎರಡು ದಿನ ಬೇಕು; ಆಮೇಲೆ ಸಿಗುವುದು ಎರಡು ಮೂರು ದಿನವಷ್ಟೇ. ಅಂಡ ಬಿಡುಗಡೆಯ ಹೊತ್ತಿಗೆ ಏರುವ ಪ್ರೊಜೆಸ್ಟೆರಾನ್ ಹಾರ್ಮೋನಿನ ರಕ್ತಪರೀಕ್ಷೆಯನ್ನು ಒಂದೆರಡು ದಿನಕ್ಕೊಮ್ಮೆ ಮಾಡಿಸಿದರೆ ಈ ಲೆಕ್ಕ ಸಿಗುತ್ತದೆ. ಮುಂದಿನ ಸಲ ಹೀಟಿಗೆ ಬಂದಾಗ ಇಲ್ಲೇ ಪರೀಕ್ಷೆ ಮಾಡಿಸಿ, ನಂತರ ಹೊರಡು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಈಗಲೇ ಒಮ್ಮೆ ವಿಚಾರಿಸಿಕೋ.

ಗಬ್ಬ ನಿಂತು ಕರಗಿಹೋಗಿರುವ ಸಾಧ್ಯತೆಯೂ ಇದೆ. ಅದಕ್ಕೆ ಯಾರನ್ನೂ ದೂರಬೇಡ, ನಿನ್ನನ್ನಂತೂ ಬೇಡವೇ ಬೇಡ. ನಮ್ಮ ಮನೆಯ ಕಳೆದ ಸೂಲಿನಲ್ಲಿ ತೀರಾ ಚಿಕ್ಕ ಮರಿಯೊಂದನ್ನು ಬೆಚ್ಚಗಿಟ್ಟು, ದಿನಕ್ಕೆರಡು ಸಲ ತೂಗಿ, ಬಾಯಿಗೆ ಹಾಲು ಹನಿಸಿದರೂ ಉಳಿಸಿಕೊಳ್ಳಲಾಗಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಅಳು ಬರುತ್ತದೆ.

ಒಂದು ವಿಷಯ ಮಾತ್ರ ಮರೆಯಬೇಡ. ಇನ್ನೆರಡು ತಿಂಗಳು ಗೌರಿಯ ಮೇಲೆ ಕಣ್ಣಿಡು. ವಿಪರೀತ ನೀರು ಕುಡಿದರೆ, ಊಟ ಬಿಟ್ಟರೆ, ಕೀವಿನಂಥದ್ದು ಸೋರಿದರೆ ಬೆಳಗಾಗಲಿ ಅಂತ ಕಾಯದೆ ಡಾಕ್ಟರ ಬಳಿ ಓಡು. ಗರ್ಭಕೋಶದಲ್ಲಿ ಕೀವು ತುಂಬಿದರೆ ಜೀವಕ್ಕೇ ಅಪಾಯ. ಕೀವು ಹೊರಗೆ ಕಾಣದೆಯೂ ಇರಬಹುದು. ಮೊಲೆ ಊದಿ ಹಾಲು ಬಂದರೆ ಗಾಬರಿಯಾಗಬೇಡ, ಮರಿಯಿಲ್ಲದೆಯೂ ಹಾಗಾಗುತ್ತದೆ.

ಅವಳಿಗಿನ್ನೂ ಮೂರು ವರ್ಷ, ಕಾಲ ಮಿಂಚಿಲ್ಲ. ಮರಿ ಬೇಕೆಂದು ಮೊದಲೇ ಹೇಳಿಟ್ಟವರಿಗೆ ನೀನೇ ಫೋನ್ ಮಾಡಿ ತಿಳಿಸು. ಬೇರೆ ಕಡೆ ಕೊಳ್ಳುತ್ತೇವೆ ಅಂದವರಿಗೆ ತಾಯಿಯನ್ನು ನೋಡದೆ ಮರಿ ತರಬೇಡಿ ಅನ್ನು. ಎಂಟು ವಾರ ತುಂಬದ ಮರಿ ಮಾರುವುದಕ್ಕೆ 2017ರ ಕೇಂದ್ರದ ನಿಯಮದಲ್ಲೇ ಅವಕಾಶವಿಲ್ಲ ಅಂತಲೂ ಹೇಳು.

ಭಾನುವಾರ ಬರುತ್ತೇನೆ. ಗೌರಿಯ ರಿಪೋರ್ಟುಗಳನ್ನೆಲ್ಲ ತೆಗೆದಿಡು, ಅವಳಿಗೆ ಸಂಬಂಧವಿಲ್ಲದ ಗಂಡುಗಳು ಎಲ್ಲೆಲ್ಲಿವೆ ಅಂತ ಕೂತು ಪಟ್ಟಿ ಮಾಡೋಣ.

ನಿನ್ನ
ರಾಜು