ಜಂಟಿ ಮನೆ: ಕ್ರಯಪತ್ರದಲ್ಲೇ ಪಾಲು ನಮೂದಾಗಲಿ

ಮಾನ್ಯರೇ,

ಮದುವೆಯಾಗದೆ ಒಟ್ಟಿಗೆ ಬಾಳಿದವರು ಬೇರೆಯಾದಾಗ, ಕೂಡಿ ಕೊಂಡ ಮನೆ ಯಾರದೆಂಬ ವ್ಯಾಜ್ಯ ಬಗೆಹರಿಸಲು ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ. ಕ್ರಯಪತ್ರವೇ ಆಧಾರ.

ಇಬ್ಬರ ಹೆಸರೂ ಇದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಹಾಕಿದ ಹಣಕ್ಕೆ ತಕ್ಕ ಪಾಲು; ಪುರಾವೆ ಇಲ್ಲದಿದ್ದರೆ ಸಮಪಾಲು. 80 ಲಕ್ಷದ ಫ್ಲ್ಯಾಟಿಗೆ ಒಬ್ಬರು 55 ಲಕ್ಷ ಹಾಕಿದ್ದರೂ, ಅದನ್ನು ನಗದಾಗಿಯೋ ಸಂಗಾತಿಯ ಖಾತೆಯ ಮೂಲಕವೋ ಕೊಟ್ಟು ದಾಖಲೆ ಇಡದಿದ್ದರೆ 40 ಲಕ್ಷದ ಪಾಲಿಗೆ ತೃಪ್ತಿಪಡಬೇಕಾದೀತು.

ಒಬ್ಬರ ಹೆಸರಷ್ಟೇ ಇದ್ದರಂತೂ ಸ್ಥಿತಿ ಘೋರ. ಪತಿ, ಪತ್ನಿ, ಮಕ್ಕಳ ಹೆಸರಿನಲ್ಲಿ ಕೊಳ್ಳಲು ಬೇನಾಮಿ (ಒಬ್ಬರ ಹಣದಲ್ಲಿ ಇನ್ನೊಬ್ಬರ ಹೆಸರಿಗೆ ಆಸ್ತಿ ಕೊಳ್ಳುವುದು) ನಿಷೇಧ ಕಾಯ್ದೆಯಲ್ಲಿ ವಿನಾಯಿತಿ ಇದೆ. ಮದುವೆಯಾಗದ ಸಂಗಾತಿ ಆ ಪಟ್ಟಿಯಲ್ಲಿಲ್ಲ. ಹಣ ಕೊಟ್ಟವರು ಮನೆ ತಮ್ಮದೆಂದು ದಾವೆ ಹೂಡಿದರೆ ಬೇನಾಮಿ ಆಸ್ತಿಗೆ ಅಂಥ ದಾವೆಯನ್ನು ತಡೆಯುವ ಅದೇ ಕಾಯ್ದೆಯ 4ನೇ ಸೆಕ್ಷನ್ ಅಡ್ಡ ಬರಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ವಾಸದ ಹಕ್ಕು ಕೊಟ್ಟೀತೇ ಹೊರತು ಒಡೆತನವನ್ನಲ್ಲ. ಇನ್ನು ಜಂಟಿ ಗೃಹಸಾಲ: ಮನೆ ಬಿಟ್ಟು ಹೋದವರನ್ನೂ ಬ್ಯಾಂಕ್ ಪೂರ್ತಿ ಬಾಕಿಗೆ ಹೊಣೆ ಮಾಡುತ್ತದೆ.

ಆದ್ದರಿಂದ ನೋಂದಣಿ ಇಲಾಖೆಯು ಜಂಟಿ ಕ್ರಯಪತ್ರಗಳಲ್ಲಿ ಪ್ರತಿಯೊಬ್ಬರ ಪಾಲಿನ ಶೇಕಡಾವಾರು ಪ್ರಮಾಣ ಮತ್ತು ಹಣ ಪಾವತಿಸಿದ ಖಾತೆಯ ವಿವರವನ್ನು ಕಡ್ಡಾಯಗೊಳಿಸಬೇಕು. ಅಲ್ಲಿಯವರೆಗೆ ಕೊಳ್ಳುವವರೇ ಪತ್ರ ಬರಹಗಾರರಿಗೆ ಹೇಳಿ ಇವನ್ನು ಬರೆಸಿಕೊಳ್ಳಲಿ. ಕಂತನ್ನು ತಂತಮ್ಮ ಖಾತೆಯಿಂದಲೇ ಕಟ್ಟಲಿ.

– ಓದುಗ, ಬೆಂಗಳೂರು