ಭಾನುವಾರ ಅಭ್ಯಾಸ: ನಿಮ್ಮ ಸಂಶೋಧನೆ, ಮೂರೇ ನಿಮಿಷ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಶಂಕರಘಟ್ಟದಲ್ಲಿ ಸೇರೋಣ. ನಿಮ್ಮ ಪಿಎಚ್‌ಡಿ ಕೆಲಸವನ್ನು ಇಂಗ್ಲಿಷಿನಲ್ಲಿ 3 ನಿಮಿಷ ಹೇಳಬೇಕು, ಸ್ಲೈಡ್ ಒಂದೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ ಸ್ಪರ್ಧೆಯ ನಿಯಮ ಇದು. ಕೇಳುವವರು ಬೇರೆ ವಿಭಾಗದವರು, ಕೆಲವರ ಮನೆಯವರೂ ಬರುತ್ತಾರೆ.

ಮಂಗನ ಕಾಯಿಲೆ ಮೇಲೆ ಕೆಲಸ ಮಾಡುವವರು ದಯವಿಟ್ಟು ವೈರಸ್ಸಿನ ವಂಶಾವಳಿಯಿಂದ ಶುರು ಮಾಡಬೇಡಿ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನರಿಗೂ ಜ್ವರ ಬಂತು, ಹರಡಿದ್ದು ಉಣುಗು. ಇಷ್ಟು ಹೇಳಿದರೆ ಯಾರಾದರೂ ಕಿವಿ ಕೊಡುತ್ತಾರೆ, ಅಲ್ವಾ? ಆಮೇಲೆ ನಿಮ್ಮ ಪ್ರಶ್ನೆಗೆ ಬನ್ನಿ. ಸಂಶೋಧನೆಯ ವಿಧಾನಕ್ಕೆ ಒಂದೇ ವಾಕ್ಯ ಸಾಕು.

ಅದನ್ನೇ ಒಂದು ಪುಟ ಬರೆದೂ ತನ್ನಿ. ಸಂಕ್ಷಿಪ್ತ ಅಕ್ಷರಗಳನ್ನು ಬಿಡಿಸಿ ಬರೆಯಿರಿ. ಉಚ್ಚಾರಣೆಯ ಚಿಂತೆ ಬೇಡ, ನಿಧಾನವಾಗಿ ಮಾತಾಡಿದರೆ ಸಾಕು. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.