ಅಮ್ಮನ ಮರೆವು ನನಗೂ ಬಂದೀತೇ?

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಮರೆವಿನ ಲಕ್ಷಣಗಳ ಪಟ್ಟಿ ಓದಿದೆ. ಬೀಗದ ಕೈ ಎಲ್ಲಿಟ್ಟೆನೆಂಬುದು ಮರೆಯುವುದು, ಪರಿಚಿತರ ಹೆಸರು ನಾಲಿಗೆಯ ತುದಿಯಲ್ಲೇ ನಿಂತುಬಿಡುವುದು, ಎಲ್ಲಕ್ಕೂ ಟಿಕ್ ಹಾಕಿದೆ. ನನಗೀಗ 49. ಅಮ್ಮನಿಗೂ ದೊಡ್ಡಮ್ಮನಿಗೂ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇತ್ತು. ಅಂಥ ಮನೆಯವರ ನಿದ್ದೆ ಕೆಡಿಸಲು ಆ ಪಟ್ಟಿ ಸಾಕು. ಮುಂದೇನು ಮಾಡಬೇಕೆಂಬ ಮಾತೇ ಅದರಲ್ಲಿರಲಿಲ್ಲ, ಅದಕ್ಕೇ ಈ ಪತ್ರ.

ಅಮ್ಮನ ಕಾಯಿಲೆಯ ಮೊದಲ ಸುಳಿವು ಸಿಕ್ಕಿದ್ದು ಗೋಡೆ ಗಡಿಯಾರದಿಂದ. ಗಂಟೆ ಎಷ್ಟಮ್ಮಾ ಅಂದರೆ, "ಕನ್ನಡಕ ಇಲ್ಲ, ನೀನೇ ನೋಡೇ" ಅಂದಳು. ಕನ್ನಡಕ ಮೂಗಿನ ಮೇಲೇ ಇತ್ತು. ನಾವು ನಕ್ಕೆವು. ಆಗ ಅವಳಿಗೆ 72.

ನನ್ನ ದಿಗಿಲು ಹೇಳಿಕೊಂಡರೆ "ನಮಗೂ ಮರೆಯುತ್ತೆ ಬಿಡಿ" ಎಂಬ ಸಮಾಧಾನ. ಒಬ್ಬ ವೈದ್ಯರು "ಟೆನ್ಷನ್ ಕಡಿಮೆ ಮಾಡ್ಕೊಳ್ಳಿ" ಎಂದು ಎರಡೇ ನಿಮಿಷದಲ್ಲಿ ಕಳಿಸಿಬಿಟ್ಟರು. ಆಮೇಲೆ ಹೋದ ನರರೋಗ ತಜ್ಞೆ ಪೂರ್ತಿ ಕೇಳಿಸಿಕೊಂಡರು. ನನ್ನನ್ನು ಹೊರಗೆ ಕೂರಿಸಿ ಮಗಳನ್ನೂ ವಿಚಾರಿಸಿದರು. ಕಾಯಿಲೆ ಇದ್ದವರಿಗೆ ಎಷ್ಟೋ ಸಲ ತಮ್ಮ ಮರೆವು ತಮಗೇ ತಿಳಿಯುವುದಿಲ್ಲ, ಮನೆಯವರ ಕಣ್ಣಿಗೆ ಬೀಳುತ್ತದಂತೆ. ಮಗಳು ಏನು ಹೇಳಿದಳೋ, ಕೇಳುವ ಧೈರ್ಯ ಇಂದಿಗೂ ಬಂದಿಲ್ಲ. ಆಮೇಲೆ ನೆನಪು, ಯೋಚನಾಶಕ್ತಿ ಅಳೆಯುವ ಮೋಕಾ ಎಂಬ 30 ಅಂಕದ ಪರೀಕ್ಷೆ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದಾಗ ಪೆನ್ನು ಬೆವರಿನಲ್ಲಿ ಜಾರುತ್ತಿತ್ತು. ಮುಳ್ಳುಗಳು ಸರಿಯಾಗಿಯೇ ಕೂತವು.

ರಕ್ತದಲ್ಲಿ ಬಿ12 ವಿಟಮಿನ್ ಕಡಿಮೆ ಇತ್ತು. ಥೈರಾಯ್ಡ್ ಕೊರತೆ, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕೆಲವು ಅಲರ್ಜಿ ಮಾತ್ರೆ, ನಿದ್ದೆ ಮಾತ್ರೆ, ಇವೂ ಮರೆವು ತರುತ್ತವೆ, ಇವನ್ನು ಸರಿಪಡಿಸಲೂ ಬಹುದು ಎಂದು ತಿಳಿದದ್ದು ಅಲ್ಲೇ.

ಜೀನ್ ಪರೀಕ್ಷೆ ಮಾಡಿಸಿಬಿಡಲೇ ಎಂದೆ. ಅವಸರ ಬೇಡ ಎಂದರು. ಎಪಿಪಿ, ಪ್ರೆಸೆನಿಲಿನ್ 1, ಪ್ರೆಸೆನಿಲಿನ್ 2, ಈ ಮೂರು ಜೀನ್‌ಗಳಲ್ಲೊಂದು ಕೆಟ್ಟಿದ್ದರೆ ಮಕ್ಕಳಿಗೆ ದಾಟುವ ಸಂಭವ ಶೇ 50. ಆದರೆ ಆ ಬಗೆಯದು ಸಾಮಾನ್ಯವಾಗಿ 65 ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ, ಡಿಮೆನ್ಷಿಯಾದ ಮುಖ್ಯ ಬಗೆಯಾದ ಅಲ್ಜೈಮರ್ ಇರುವವರಲ್ಲಿ ಇಂಥವರು ಶೇ 1ರಷ್ಟೂ ಇಲ್ಲ. ಅಮ್ಮನದು ಆ ಸಾಲಿನದಲ್ಲವೆಂದೇ ಅವರ ಅಂದಾಜು. ಎಪಿಒಇ4 ಎಂಬ ಇನ್ನೊಂದು ಜೀನ್ ಅಪಾಯ ಹೆಚ್ಚಿಸುತ್ತದೆ ಅಷ್ಟೇ. ಅದಿದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆ ಬಂದವರೂ ಇದ್ದಾರೆ.

ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ರಷ್ಟನ್ನು ತಡೆಯುವ ಇಲ್ಲವೇ ಮುಂದೂಡುವ ಸಾಧ್ಯತೆ ಇದೆ ಎಂದು 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಹೇಳಿತು. ಅಪಾಯ ಹೆಚ್ಚಿಸುತ್ತವೆಂದು ಅದು ಗುರುತಿಸಿದ 14 ಅಂಶಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ನಾನು ನಿರೀಕ್ಷಿಸಿದ್ದವೇ. ಕಿವಿ ಮಂದವಾಗುವುದೂ ಅದರಲ್ಲಿದೆ. ಅಮ್ಮ ವರ್ಷಗಟ್ಟಲೆ ಟಿ.ವಿ. ಸದ್ದು ಏರಿಸುತ್ತಲೇ ಇದ್ದಳು. ನಾವು ರೇಗಿದೆವೇ ಹೊರತು ಕಿವಿ ತೋರಿಸಲಿಲ್ಲ.

ಇನ್ನು ಮುಂದೆ ಲಕ್ಷಣಗಳ ಪಟ್ಟಿ ಹಾಕುವಾಗ ಯಾರ ಬಳಿ ಹೋಗಬೇಕು, ಯಾವ ಪರೀಕ್ಷೆ ಕೇಳಬೇಕು ಎಂಬ ನಾಲ್ಕು ಸಾಲನ್ನೂ ದಯವಿಟ್ಟು ಸೇರಿಸಿ. ನನಗೆ ಆರು ತಿಂಗಳು ಬಿಟ್ಟು ಮತ್ತೆ ಬರಹೇಳಿದ್ದಾರೆ. ಮನೆಯಲ್ಲಿ ಗಡಿಯಾರ ಬರೆದು ಅಭ್ಯಾಸ ಮಾಡಬೇಡಿ ಎಂದು ತಜ್ಞೆ ಗದರಿಯೇ ಕಳಿಸಿದರು. ಆದರೂ ಫೋನಿನ ಪಕ್ಕದ ಚೀಟಿಗಳ ತುಂಬ ಹನ್ನೊಂದು ಗಂಟೆ ಹತ್ತು ನಿಮಿಷವೇ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು